ಅಂಗೈಯಗಲದ ಫೋಟೊದಲ್ಲಿ ಉಳಿದ ಅಂಚು

ಗಂಡನ ಹೆಸರು ಹೇಳಬಾರದು ಎನ್ನುತ್ತಾರೆ. ಇಪ್ಪತ್ತೊಂಬತ್ತು ವರ್ಷ ನಾನು ಹೇಳಲಿಲ್ಲ. ಅವರ ಹೆಸರು ಗ್ಯಾನಪ್ಪ. ಈಗ ಹೇಳಿದರೆ ಆಗುವುದೇನಿದೆ, ಆಗುವುದೆಲ್ಲ ಆಗಿಹೋಗಿದೆ.

ನಾನು ವೀರವ್ವ. ಮೂರನೇ ತರಗತಿವರೆಗೆ ಕಲಿತಿದ್ದೇನೆ. ನಮ್ಮದು ಗಜೇಂದ್ರಗಡದ ನೇಕಾರರ ಓಣಿ. ಅವರು ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತು ಪಟ್ಟೇದಂಚಿನ ಸೀರೆ ನೇಯುತ್ತಿದ್ದರು. ನಾನು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದೆ. ಇಷ್ಟೇ ನಮ್ಮ ಬಾಳ್ವೆ.

ಅವರಿಗೆ ಎಣಿಸುವ ಚಟ. ಗುಡ್ಡದ ಮೆಟ್ಟಿಲು ಎಣಿಸುತ್ತಿದ್ದರು. ಬಸ್ಸಿನಲ್ಲಿ ಕುಳಿತರೆ ಕಿಟಕಿಯ ಸರಳು ಎಣಿಸುತ್ತಿದ್ದರು. ನಾನು ರೊಟ್ಟಿ ಬಡಿಯುವಾಗ ಮಗ್ಗದ ಕುಣಿಯಿಂದಲೇ ಕೂಗುತ್ತಿದ್ದರು.

"ಇವತ್ತ ರೊಟ್ಟಿಗೆ ನಾಕು ಪೆಟ್ಟು ಜಾಸ್ತಿ ಬಿದ್ವು. ಯಾರ ಮ್ಯಾಲ ಸಿಟ್ಟು?"

"ಎಣಿಸೋರ ಮ್ಯಾಲ" ಅನ್ನುತ್ತಿದ್ದೆ.

ಎಲ್ಲವನ್ನೂ ಎಣಿಸುವ ಮನುಷ್ಯ ಒಂದನ್ನೂ ಬರೆದಿಡಲಿಲ್ಲ. ನಮ್ಮ ಓಣಿಯಲ್ಲಿ ಅಂಚಿನ ಎಣಿಕೆ ಬರೆಯುವುದಿಲ್ಲ, ಹೆರವರಿಗೆ ಹೇಳುವುದಿಲ್ಲ. ಅಂಚು ಅನ್ನುವುದು ಹಾಸಿನಲ್ಲಿ ಇರುತ್ತದೆ. ಉದ್ದಕ್ಕೆ ಕಟ್ಟಿದ ಎಳೆಗಳಲ್ಲಿ ಯಾವ ಬಣ್ಣದ ಮುಂದೆ ಯಾವ ಬಣ್ಣ, ಎಷ್ಟೆಷ್ಟು ಎಳೆ, ಅಷ್ಟೇ. ಅದು ಗೊತ್ತಾದರೆ ಯಾರು ಬೇಕಾದರೂ ಆ ಅಂಚು ನೇಯಬಹುದು. ಅದಕ್ಕೇ ಗಂಡಸರು ಅದನ್ನು ತಲೆಯಲ್ಲಿಟ್ಟುಕೊಳ್ಳುತ್ತಾರೆ. ಹೊಸ ಹಾಸು ಕಟ್ಟುವಾಗ ಅವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ನನ್ನನ್ನೂ ಹೊರಗೆ ಕಳಿಸುತ್ತಿದ್ದರು.

"ನಾ ಯಾರಿಗೆ ಹೇಳ್ಲಿ?"

"ಎಚ್ಚರಿದ್ದಾಗ ಹೇಳೂದಿಲ್ಲ, ಖರೇ. ನಿದ್ದಿಗಣ್ಣಾಗ ಮಾತಾಡ್ತಿ ನೀನು. ಓಣಿಗೆಲ್ಲ ಕೇಳಸ್ತೈತಿ."

ಅವರ ಅಜ್ಜಿ ಸಣ್ಣವ್ವ ಒಂದು ಅಂಚಿನ ಸುದ್ದಿ ಹೇಳುತ್ತಿದ್ದಳಂತೆ. ಅವಳ ಅಪ್ಪ ನೇಯುತ್ತಿದ್ದ ಅಂಚು. ನಡುವೆ ಒಂದು ಪಟ್ಟೆ, ದೂರದಿಂದ ನೋಡಿದರೆ ತಿಳಿಗೆಂಪು, ಹತ್ತಿರ ಬಂದರೆ ಕೆಂಪು ಬೇರೆ ಬಿಳಿ ಬೇರೆ. ಅವನು ಸತ್ತ ಮೇಲೆ ಅದು ಯಾರಿಗೂ ಬರಲಿಲ್ಲ. ಅಜ್ಜಿಯೂ ಹೋದಳು. ಮೂರು ವರ್ಷದ ಹಿಂದೆ ನಾನು ಹರಿದ ಕೌದಿ ಒಂದನ್ನು ಬಿಚ್ಚುತ್ತಿದ್ದೆ. ಹಳೆಯ ಸೀರೆಗಳನ್ನು ಪದರ ಪದರ ಹಾಕಿ ಅಜ್ಜಿ ಹೊಲಿದ ಕೌದಿ. ಮೂರನೇ ಪದರದೊಳಗೆ ಆ ಅಂಚಿನ ಗೇಣುದ್ದದ ಚಿಂದಿ ಇತ್ತು. ಅವರು ಅದನ್ನು ನನ್ನ ಕೈಯಿಂದ ಕಸಿದುಕೊಂಡು ಬೆಳಕಿಗೆ ಹಿಡಿದರು. ಆಮೇಲೆ ಆ ದಿನ ಊಟ ಮಾಡಲಿಲ್ಲ.

ಆ ಚಿಂದಿಯ ಬಣ್ಣ ಹೋಗಿತ್ತು. ಎಳೆಗೆ ಎಳೆ ಅಂಟಿತ್ತು. ನೀರಲ್ಲಿ ನೆನೆಸಿ, ಸೂಜಿಯಿಂದ ಒಂದೊಂದೇ ಎಳೆ ಬಿಡಿಸಿದರು. ಬಿಡಿಸಿದ ಎಳೆ ಪುಡಿಯಾಗುತ್ತಿತ್ತು. ಎರಡು ವರ್ಷ ಹಿಡಿಯಿತು. ಚಿಂದಿ ಮುಗಿದು ಹಿಡಿ ಅರಳೆಯಷ್ಟು ಉಳಿಯಿತು. ಎಣಿಕೆ ತಲೆಗೆ ಹೋಯಿತು. ಹಾಸು ಕಟ್ಟಿ, ಬಿಚ್ಚಿ, ಕಟ್ಟಿ, ಹೋದ ದೀಪಾವಳಿ ಮುಗಿದು ಎಂಟು ದಿನಕ್ಕೆ ಅಂಚು ಸರಿಬಂತು. ನಮ್ಮ ಓಣಿಯ ಹಿರಿಯ ಅಂದಾನೆಪ್ಪನನ್ನು ಕರೆತಂದು ತೋರಿಸಿದರು. ಅಂದಾನೆಪ್ಪನಿಗೆ ಎಂಬತ್ತು ದಾಟಿದೆ. ಸಣ್ಣವನಿದ್ದಾಗ ಆ ಅಂಚು ಕಂಡವನು. ನಮ್ಮ ಮನೆಯವರು ಚಲೋ ನೇಯ್ದಾಗೆಲ್ಲ "ಗೋಣೀಚೀಲಕ್ಕ ಚಲೋ ಆಕ್ಕೇತಿ ಬಿಡು" ಎಂದು ಹೀಯಾಳಿಸುವವನು. ಅವತ್ತು ಅಂಚಿನ ಮೇಲೆ ಕೈಯಾಡಿಸಿ, ಏನೂ ಅನ್ನದೆ ಎದ್ದು ಹೋದ.

ಅವರು ನನ್ನ ಕಡೆ ನೋಡಿ ನಕ್ಕರು. "ಮುದುಕನ ಬಾಯಿ ಕಟ್ಟಿತು" ಅಂದರು.

ಇನ್ನು ಶಬನಮಳ ಸುದ್ದಿ. ಅವಳು ಸೂಡಿಯವಳು. ದಿನಾ ಸ್ಕೂಟಿ ಮೇಲೆ ಬಂದು ಬಸ್‌ ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ಅಂಗಡಿ ನಡೆಸುತ್ತಾಳೆ. ಅವರಿಗೆ ವೆಬ್‌ಸೈಟ್ ಮಾಡಿಕೊಟ್ಟವಳು ಅವಳೇ. ಅವರು ಸೀರೆಯ ಫೋಟೊ ತೆಗೆದು ಹಾಕಿದರೆ ಯಾವ ಊರವರಾದರೂ ನೋಡಬಹುದು. ಮೊದಮೊದಲು ಅದು ತೆರೆಯುತ್ತಲೇ ಇರಲಿಲ್ಲ. ಫೋಟೊ ಭಾಳ ದೊಡ್ಡವು, ಪುಟ ಎಳೆಯಲಾರದು ಎಂದಳು ಶಬನಮ. ಆಮೇಲೆ ಬೇರೆ ದಾರಿ ಮಾಡಿದಳು. ದೊಡ್ಡ ಫೋಟೊ ದೂರದ ಕ್ಲೌಡ್ ಅನ್ನುವ ಉಗ್ರಾಣಕ್ಕೆ ಹೋಗುತ್ತದೆ. ಅಲ್ಲಿಯ ಯಂತ್ರ ಅದರಿಂದ ಎರಡು ಸಣ್ಣ ಫೋಟೊ ಮಾಡುತ್ತದೆ. ಒಂದು ಉಗುರಗಲ, ಒಂದು ಅಂಗೈಯಗಲ. ಜನ ನೋಡುವುದು ಆ ಸಣ್ಣವನ್ನೇ. ದೊಡ್ಡದು ಉಗ್ರಾಣದಲ್ಲಿ ಇರುತ್ತದೆ.

"ಕ್ಲೌಡ್ ಅಂದ್ರ ಮೋಡ ಅಲ್ಲೇನವ್ವ?" ಎಂದು ಕೇಳಿದ್ದರು ಅವರು. "ನಮ್ಮ ಸೀಮಿ ಮೋಡ ನಂಬಿ ಯಾರು ಉದ್ಧಾರ ಆಗ್ಯಾರ?"

ಶಬನಮ ನಕ್ಕಿದ್ದಳು. ಅವರು ನಕ್ಕಿರಲಿಲ್ಲ. ಕೇಳಿದ್ದರು: "ದೊಡ್ಡದನ್ನ ಯಾರರ ತಗದು ನೋಡಿದ್ರ, ಎಳಿ ಎಣಿಸಾಕ ಬರ್ತೈತೇನು?"

"ಬರ್ತೈತ್ರಿ ಕಾಕಾ. ಎಳಿ ಮ್ಯಾಲಿನ ನೂಲಿನ ಜುಂಗು ಸೈತ ಕಾಣ್ತೈತಿ."

"ಸಣ್ಣದರಾಗ?"

"ಬರೂದಿಲ್ಲ. ಎಲ್ಲಾ ಕೂಡಿ ಒಂದ ಗೆರಿ ಆಗ್ತಾವು."

"ಹಂಗಾದ್ರ ಸಣ್ಣವು ಇರ್ಲಿ. ದೊಡ್ಡವನ್ನ ಅಳಿಸೂದು ಹ್ಯಾಂಗ, ಅದನ್ನ ಕಲಿಸು."

ಬೇಡ ಎಂದಳಂತೆ ಶಬನಮ. ಮೂಲ ಇರಬೇಕು, ನಾಳೆ ಬೇರೆ ಅಳತೆಯದು ಬೇಕಾದರೆ ಮೂಲದಿಂದಲೇ ಮಾಡಬೇಕು ಎಂದಳಂತೆ. ಅವರು ಕೇಳಲಿಲ್ಲ. ಅಳಿಸುವುದು ಕಲಿತರು. ಪಾಸ್‌ವರ್ಡನ್ನೂ ತಾವೇ ಬದಲಾಯಿಸಿಕೊಂಡರು. ಹೊಸದಾಗಿ ತೆರೆಯಬೇಕೆಂದರೆ ಅವರ ಫೋನಿಗೇ ಅಂಕಿ ಬರುವ ಹಾಗೆ ಮಾಡಿಸಿಕೊಂಡರು. ತೋರಿಸಬೇಕು, ಕೊಡಬಾರದು. ಇದು ಅವರ ಮಾತು.

ಅಜ್ಜಿಯ ಅಂಚಿನ ಫೋಟೊ ಹಾಕಿದ್ದು ಒಂದು ಸೋಮವಾರ. ಮಗ್ಗದ ಮೇಲೆ ಒಂದೂವರೆ ಗೇಣು ನೇಯ್ದಿದ್ದರು. ಅದರ ಮುಂದಿನ ವಾರ ಬುಧವಾರ ಹೊತ್ತೇರುವ ಮುಂಚೆ ಮಗ್ಗದಲ್ಲಿ ಕುಳಿತವರು ಲಾಳಿ ಬಿಟ್ಟು ಎದೆ ಹಿಡಿದುಕೊಂಡರು. ಗಾಡಿ ಬರುವುದರೊಳಗೆ ಎಲ್ಲ ಮುಗಿದಿತ್ತು. ನಾನು ಅಡುಗೆಮನೆಯಲ್ಲಿ ಇದ್ದೆ. ಮಗ್ಗದ ಸದ್ದು ನಿಂತದ್ದು ಕೇಳಿಸಿತು. ಚಹಾ ಬೇಕೇನೋ ಅಂದುಕೊಂಡೆ.

ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಮಗ್ಗದಲ್ಲಿ ಕುಳಿತವನು ಸತ್ತರೆ ಅವನ ಹಾಸನ್ನು ಇನ್ನೊಬ್ಬರು ಮುಗಿಸಬಾರದು. ಹೆಂಡತಿ ಕೊಯ್ಯಬೇಕು. ನೇಯ್ದಷ್ಟು ಅವನ ಮೇಲೆ ಹೊದಿಸಬೇಕು, ನೇಯದ ಎಳೆ ಸುತ್ತಿ ತಲೆಯ ಕೆಳಗೆ ಇಡಬೇಕು. ಅವರ ಅಕ್ಕ ಚನ್ನವ್ವ ಬೆಳವಣಕಿಯಿಂದ ಬಂದಿದ್ದಳು. ಕುಡಗೋಲು ತಂದು ನನ್ನ ಕೈಗೆ ಕೊಟ್ಟಳು.

"ಕೊಯ್ಯವ್ವ. ಹೊತ್ತಾಗ್ತೈತಿ."

ಕೊಯ್ದೆ. ಒಂದು ಎಳೆ ಉಳಿಯದಂತೆ ಕೊಯ್ದೆ. ಅಂದಾನೆಪ್ಪ ಬಾಗಿಲಲ್ಲಿ ನಿಂತಿದ್ದ. ಅವನೂ ತಡೆಯಲಿಲ್ಲ. ಎಪ್ಪತ್ತು ವರ್ಷ ಕಾಣೆಯಾಗಿದ್ದ ಅಂಚು ಎರಡು ಮೊಳ ಹುಟ್ಟಿತ್ತು. ಅದನ್ನು ನಾನೇ ಮಣ್ಣಿಗೆ ಹಾಕಿದೆ.

ಆ ದಿನಗಳಲ್ಲಿ ಇದು ನನಗೆ ಹೊಳೆಯಲೇ ಇಲ್ಲ. ಅವರು ಹೋದ ಹದಿನೆಂಟನೇ ದಿನ ಮಗ್ಗದ ಕೋಣೆ ಕಸ ಗುಡಿಸಲು ಹೋದೆ. ಖಾಲಿ ಮಗ್ಗ ನೋಡಿದೆ. ಅವರದೇ ಅಂಚನ್ನು ಮತ್ತೆ ಹಾಸಬೇಕು ಅನ್ನಿಸಿತು. ನೂಲು ಇತ್ತು, ಬಣ್ಣ ಇತ್ತು. ಕೆಂಪು ಎಷ್ಟು, ಬಿಳಿ ಎಷ್ಟು ಎಂದು ನೆನೆಸಿಕೊಂಡೆ. ನೆನಪಾಗಲಿಲ್ಲ. ನೆನಪಾಗುವುದಾದರೂ ಹೇಗೆ? ದಿನಾ ನೋಡಿದ್ದೆ, ಒಂದು ದಿನವೂ ಎಣಿಸಿರಲಿಲ್ಲ. ಪೊರಕೆ ಹಿಡಿದು ಅಲ್ಲೇ ಕುಳಿತುಬಿಟ್ಟೆ. ನಾನು ಏನು ಮಾಡಿದೆ ಅನ್ನುವುದು ಆಗ ತಿಳಿಯಿತು.

ಎದ್ದು ಶಬನಮಳ ಅಂಗಡಿಗೆ ಹೋದೆ. ಅವಳು ವೆಬ್‌ಸೈಟ್ ತೆರೆದಳು. ಅಂಚು ಇತ್ತು. ಅಂಗೈಯಗಲ.

"ದೊಡ್ಡದು ಮಾಡವ್ವ."

ಮಾಡಿದಳು. ಎಳೆ ಕಾಣಲಿಲ್ಲ. ಚೌಕ ಚೌಕ ಬಣ್ಣ ಕಂಡವು. ನಡುವಿನ ಪಟ್ಟೆ ಬರೇ ತಿಳಿಗೆಂಪು.

"ಮೂಲ ಬೇಕು ಅವ್ವಾ. ಕಾಕಾ ಅಳಿಸಿರಬೇಕು."

"ಅಳಿಸಿದ್ರ ಹೋದಂಗ?"

ಶಬನಮ ಬೆರಳು ಮಡಿಚಿ ದಿನ ಎಣಿಸಿದಳು. "ತಡೀರಿ. ಅಳಿಸಿದ್ದು ಸೀದಾ ಹೋಗೂದಿಲ್ಲ. ಕಸದ ಬುಟ್ಟಿ ಇದ್ದಂಗ ಇರ್ತೈತಿ, ಮೂವತ್ತು ದಿನ ಅದರಾಗ ಬಿದ್ದಿರ್ತೈತಿ. ಹಾಕಿದ ದಿನಾನ ಅಳಿಸಿದ್ರ ಇವತ್ತಿಗೆ ಇಪ್ಪತ್ತೇಳು. ಇನ್ನಾ ಮೂರು ದಿನ ಐತಿ. ಕಾಕಾನ ಫೋನ್ ಎಲ್ಲೈತಿ?"

ಫೋನು ಮಗಳ ಹತ್ತಿರ ಇತ್ತು. ಮಗಳು ಬನಶ್ರೀಯನ್ನು ಚಿಕ್ಕನರಗುಂದಕ್ಕೆ ಕೊಟ್ಟಿದ್ದೇವೆ. ಅಪ್ಪನದು ಒಂದು ಇರಲಿ ಎಂದು ಒಯ್ದಿದ್ದಳು. ಅಳಿಯನ ಕೈಯಲ್ಲಿ ಕಳಿಸು ಎಂದು ಹೇಳಿಸಿದೆ. ಅಳಿಯ ಹೊಲದ ಕೆಲಸದಲ್ಲಿದ್ದ. ಮರುದಿನ ನಾನೇ ಹೊರಟೆ. ರೋಣಕ್ಕೆ ಒಂದು ಬಸ್ಸು, ನರಗುಂದಕ್ಕೆ ಒಂದು, ಅಲ್ಲಿಂದ ಚಿಕ್ಕನರಗುಂದಕ್ಕೆ ಒಂದು. ಗಂಡ ಸತ್ತು ತಿಂಗಳಾಗದೆ ಹೊಸ್ತಿಲು ದಾಟಿದಳು ಎಂದು ಓಣಿಯಲ್ಲಿ ಅಂದರು. ಅನ್ನಲಿ. ರೋಣದಲ್ಲಿ ಬಸ್ಸು ಒಂದು ತಾಸು ಬರಲಿಲ್ಲ. ಆ ತಾಸಿನಲ್ಲಿ ನಾನು ಹಿಡಿದುಕೊಂಡಿದ್ದ ಚೀಲದ ದಾರ ಕಿತ್ತು ಬಂತು, ನನಗೆ ಗೊತ್ತಾಗಲಿಲ್ಲ.

ಬನಶ್ರೀ ಫೋನು ತಂದಳು. ಚಾರ್ಜು ಹಾಕಿ ಇಟ್ಟಿದ್ದಳು. "ತೆರಿಯಾಕ ಬರೂದಿಲ್ಲ ಯವ್ವಾ. ಒಂಬತ್ತು ಚುಕ್ಕಿ ಅದಾವು, ಗೆರಿ ಎಳೀಬೇಕು. ಅಪ್ಪ ಹ್ಯಾಂಗ ಎಳೀತಿದ್ದ ಯಾರಿಗೆ ಗೊತ್ತು?"

ಕೈಗೆ ತೆಗೆದುಕೊಂಡೆ. ಅವರು ತೆರೆಯುವಾಗ ಹೆಬ್ಬೆರಳು ಹೇಗೆ ಹೋಗುತ್ತಿತ್ತೋ ಹಾಗೆ ಎಳೆದೆ. ಎಡದಿಂದ ಬಲಕ್ಕೆ, ಕೆಳಗಿಳಿದು ಬಲದಿಂದ ಎಡಕ್ಕೆ, ಮತ್ತೆ ಇಳಿದು ಎಡದಿಂದ ಬಲಕ್ಕೆ. ಲಾಳಿ ಓಡುವ ಹಾಗೆ. ತೆರೆಯಿತು. ಬನಶ್ರೀ ನನ್ನ ಮುಖ ನೋಡಿದಳು. ಇಬ್ಬರೂ ಅತ್ತೆವು. ಅತ್ತ ಮೇಲೆ ಅವಳು ಫೋಟೊ ಹುಡುಕಿದಳು. ಮೊಮ್ಮಕ್ಕಳ ಫೋಟೊ ಇದ್ದವು. ನನ್ನದೊಂದು ಇತ್ತು, ಕಂಡಿಕೆ ಸುತ್ತುತ್ತ ಬೇರೆ ಕಡೆ ನೋಡುತ್ತಿದ್ದೇನೆ. ತೆಗೆದದ್ದು ನನಗೆ ಗೊತ್ತಿಲ್ಲ. ಅಂಚಿನ ಫೋಟೊ ಒಂದೂ ಇರಲಿಲ್ಲ. ಫೋನಿನಿಂದಲೂ ಅಳಿಸಿದ್ದರು.

ಬುಟ್ಟಿಯ ಲೆಕ್ಕದ ಇಪ್ಪತ್ತೊಂಬತ್ತನೇ ದಿನ ಹೊತ್ತು ಮುಳುಗುವ ಮುಂಚೆ ಗಜೇಂದ್ರಗಡಕ್ಕೆ ಬಂದೆ. ಶಬನಮ ಅಂಗಡಿ ಮುಚ್ಚದೆ ಕಾದಿದ್ದಳು. ಅವರ ಫೋನಿಗೆ ಅಂಕಿ ಬಂದವು. ನಾನೇ ಓದಿ ಹೇಳಿದೆ. ಉಗ್ರಾಣ ತೆರೆಯಿತು.

ಶಬನಮ ನೋಡಿದಳು. ಇನ್ನೊಂದು ಸಲ ನೋಡಿದಳು.

"ಏನಾತು?"

"ಬುಟ್ಟಿ ಖಾಲಿ ಐತಿ ಅವ್ವಾ."

"ದಿನ ಐತಿ ಅಂದಿದ್ದಿ."

"ದಿನ ಐತಿ. ಕಾಕಾ ಬುಟ್ಟಿನೂ ಬಳದು ಚೆಲ್ಯಾರ. ಹಾಕಿದ ದಿನಾನ. ಅದನ್ನ ನಾ ಕಲಿಸಿರಲಿಲ್ಲ. ತಾವ ಹುಡಿಕ್ಯಾರ."

"ಬ್ಯಾರೆ ಎಲ್ಲರ?"

"ಎಲ್ಲೂ ಇಲ್ಲ."

ಅವರು ಅರೆಬರೆ ಕೆಲಸ ಮಾಡುವವರಲ್ಲ. ನನಗೆ ಸಿಟ್ಟು ಬಂತು. ಸತ್ತವರ ಮೇಲೆ ಅಷ್ಟು ಸಿಟ್ಟು ಬರುತ್ತದೆಂದು ಗೊತ್ತಿರಲಿಲ್ಲ. ಕಳ್ಳರಿಗೆ ಹೆದರಿ ಮನೆಗೇ ಬೆಂಕಿ ಹಚ್ಚಿದಿರಲ್ಲ ಎಂದು ಅಂಗಡಿಯಲ್ಲೇ ಕೂಗಿದೆ. ಶಬನಮ ಬಾಗಿಲು ಮುಂದೆ ಮಾಡಿದಳು. ನೀರು ಕೊಟ್ಟಳು.

ಒಂದು ವಾರದ ಮೇಲೆ ಅವಳೇ ಮನೆಗೆ ಬಂದಳು. ಈಗ ಹೊಸ ಯಂತ್ರ ಬಂದಿದೆ, ಸಣ್ಣ ಫೋಟೊ ಕೊಟ್ಟರೆ ದೊಡ್ಡದು ಮಾಡಿ ಸ್ಪಷ್ಟ ತೋರಿಸುತ್ತದೆ ಎಂದಳು. ಮಾಡಿಸಿ ತಂದಿದ್ದಳು. ದೊಡ್ಡ ಕಾಗದದ ಮೇಲೆ ಮುದ್ರಿಸಿದ್ದಳು. ನೋಡಿದೆ. ಎಳೆ! ಒಂದೊಂದೂ ಬೇರೆ ಬೇರೆ, ಮೇಲೆ ನೂಲಿನ ಜುಂಗು ಕೂಡ. ಸೂಜಿ ಹಿಡಿದು ಎಣಿಸುತ್ತ ಹೋದೆ. ನಡುವಿನ ಪಟ್ಟೆ ಮೂವತ್ತೊಂದು. ಶಬನಮಳ ಕೈ ಹಿಡಿದುಕೊಂಡು ನಕ್ಕೆ. ಅವರು ಹೋದ ಮೇಲೆ ಮೊದಲನೇ ಸಲ ನಕ್ಕದ್ದು. ಕಾಗದದ ಇನ್ನೊಂದು ತುದಿಯಲ್ಲೂ ಎಣಿಸಿದೆ. ಇಪ್ಪತ್ತೊಂಬತ್ತು.

ಸೂಜಿಯನ್ನು ಎಳೆಯ ಮೇಲೆ ಇಟ್ಟು ಕೆಳಗೆ ಕೆಳಗೆ ತಂದೆ. ಒಂದು ಬಿಳಿ ಎಳೆ ನಡುದಾರಿಯಲ್ಲಿ ಇಲ್ಲದಾಯಿತು. ಒಂದು ಕೆಂಪು ಎಳೆ ನಡುವಿನಿಂದಲೇ ಹುಟ್ಟಿತ್ತು. ಹಾಸಿನ ಎಳೆ ಎಲ್ಲಾದರೂ ನಡುವೆ ಹುಟ್ಟುತ್ತದೆಯೇ? ಸೀರೆಯ ಈ ತುದಿಯಿಂದ ಆ ತುದಿಯವರೆಗೆ ಅದು ಹೋಗಲೇಬೇಕು.

"ಇದು ಅವರು ನೇಯ್ದದ್ದಲ್ಲವ್ವ."

"ಯಂತ್ರ ಅಂದಾಜಿನ ಮ್ಯಾಲ ಹಾಕಿರ್ತೈತಿ" ಎಂದಳು. ಅವಳ ದನಿ ಇಳಿದಿತ್ತು. "ಇಲ್ಲದ್ದನ್ನ ಇದ್ದಂಗ ತೋರಸ್ತೈತಿ."

ಕಾಗದವನ್ನು ಒಲೆಗೆ ಹಾಕಿದೆ.

ಆಮೇಲೆ ಎಷ್ಟೋ ದಿನ ನಾನು ಏನೂ ಮಾಡಲಿಲ್ಲ. ಎದ್ದರೆ ಎದ್ದೆ, ಇಲ್ಲದಿದ್ದರೆ ಇಲ್ಲ. ರೊಟ್ಟಿ ಬಡಿಯುವಾಗ ನಾನೇ ಎಣಿಸುತ್ತಿದ್ದೆ. ಅವರು ಯಾವ ಅಂಕಿಗೆ ಸರಿ ಅನ್ನುತ್ತಿದ್ದರೋ ಗೊತ್ತಿಲ್ಲ.

ಒಂದು ದಿನ ಎಣಿಸುತ್ತಿರುವಾಗಲೇ ಒಂದು ಮಾತು ಹೊಳೆಯಿತು. ಹಿಟ್ಟಿನ ಕೈಯಲ್ಲೇ ಶಬನಮಳಿಗೆ ಫೋನು ಮಾಡಿದೆ.

"ಸಣ್ಣದನ್ನ ದೊಡ್ಡದು ಮಾಡಾಕ ಬರೂದಿಲ್ಲ. ದೊಡ್ಡದನ್ನ ಸಣ್ಣದು ಮಾಡಾಕ ಬರ್ತೈತಲ್ಲ?"

"ಬರ್ತೈತ್ರಿ."

"ನಾ ಒಂದು ಅಂಚು ನೇಯ್ದು ತರ್ತೀನಿ. ಅವರ ಫೋಟೊ ಸಣ್ಣದು ಮಾಡಿದ ಯಂತ್ರದಾಗ, ಅದ ಅಳತಿಗೆ ನಂದನ್ನೂ ಸಣ್ಣದು ಮಾಡು. ಎರಡೂ ಮಗ್ಗಲಕ್ಕ ಇಟ್ಟು ನೋಡೂಣು. ಒಂದ ಥರಾ ಕಂಡ್ರ ಅದ ಎಣಿಕಿ."

ಶಬನಮ ಕೇಳಿದಳು: "ಅವ್ವಾ, ನೀವು ಎಷ್ಟನೇತ್ತ ಕಲ್ತೀರಿ?"

"ಮೂರನೇತ್ತ."

"ಮುಂದ ಕಲೀಬೇಕಿತ್ತು ನೋಡ್ರಿ."

ಅಂಚಿನಷ್ಟೇ ಅಗಲದ ಸಣ್ಣ ಹಾಸು ಕಟ್ಟಿದೆ. ನಾನು ಹಾಸು ಕಟ್ಟಿದವಳಲ್ಲ. ಕುಣಿಯಲ್ಲಿ ಕಾಲು ಇಳಿಬಿಟ್ಟಾಗ ಅವರ ಕಾಲಿನಿಂದ ನುಣುಪಾದ ಹಲಗೆ ಕಾಲಿಗೆ ಸಿಕ್ಕಿತು. ಗೇಣು ನೇಯುವುದಕ್ಕೆ ನಾಲ್ಕು ದಿನ. ಅವರು ಫೋಟೊ ತೆಗೆದ ಹೊತ್ತಿಗೇ, ಅದೇ ಕಿಟಕಿಯ ಬೆಳಕಿಗೆ, ಅವರ ಫೋನಿನಲ್ಲೇ ಫೋಟೊ ತೆಗೆದೆ. ಶಬನಮ ಅದನ್ನು ಸಣ್ಣದು ಮಾಡಿದಳು. ಅವರದು ಎಡಕ್ಕೆ, ನನ್ನದು ಬಲಕ್ಕೆ. ಹೋಲಲಿಲ್ಲ. ಬಿಚ್ಚಿ ಮತ್ತೆ ಕಟ್ಟಿದೆ. ಕಪ್ಪು ದಪ್ಪವಾಯಿತು. ಬಿಚ್ಚಿದೆ. ಬಿಳಿ ತೆಳುವಾಯಿತು. ಬಿಚ್ಚಿದೆ. ಅಂದಾನೆಪ್ಪ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದ.

"ಏನವ್ವ ವೀರವ್ವ, ಗೇಣು ಗೇಣು ನೇಯಾಕ ಹತ್ತೀದಿ. ಗುಬ್ಬಿಗೆ ಸೀರಿ ಏನ?"

"ಹೌದ್ರಿ. ಗುಬ್ಬಿ ಮದುವಿ ಐತಿ. ನಿಮಗೂ ಹೇಳಿಕಿ ಐತಿ, ಬರ್ರಿ."

ಹನ್ನೊಂದು ಸಲ ಕಟ್ಟಿದೆ. ಬೇಸಿಗೆ ಬಂತು. ಒಂದೊಂದೇ ಗೆರೆ ಕೂಡಿದವು. ಕಡೆಯ ಕೆಂಪು ಕೂಡಿತು, ಬಿಳಿ ಕೂಡಿತು, ಕಪ್ಪು ಕೂಡಿತು. ಹನ್ನೊಂದನೇ ಸಲ ಶಬನಮ ಎರಡನ್ನೂ ಮಗ್ಗುಲಿಗೆ ಇಟ್ಟಾಗ ಯಾವುದು ಅವರದು, ಯಾವುದು ನನ್ನದು ಎಂದು ನನಗೆ ಹೇಳಲು ಆಗಲಿಲ್ಲ. ನಡುವಿನ ತಿಳಿಗೆಂಪು ಪಟ್ಟೆ ಕೂಡ ಹಾಗೇ. ಅದರಲ್ಲಿ ಒಂದು ಕೆಂಪು ಒಂದು ಬಿಳಿ, ಹೀಗೆ ಇಪ್ಪತ್ತನಾಲ್ಕು ಎಳೆ ಇಟ್ಟಿದ್ದೆ.

ಮನೆಗೆ ಬಂದೆ. ಮಲಗಿದರೂ ಒಂದು ಸಂಶಯ ಬಿಡಲಿಲ್ಲ. ಬೆಳಗಾಗುತ್ತಲೇ ನೇಯ್ದ ತುಂಡನ್ನು ಕೊಯ್ದಿಟ್ಟು, ಹಾಸಿನಲ್ಲಿ ನಡುವಿನ ಪಟ್ಟೆಯನ್ನಷ್ಟೇ ಬಿಚ್ಚಿದೆ. ಎರಡು ಕೆಂಪು ಎರಡು ಬಿಳಿ ಮಾಡಿ ಕಟ್ಟಿದೆ. ಎಳೆ ಅವೇ ಇಪ್ಪತ್ತನಾಲ್ಕು. ನೇಯ್ದು ಒಯ್ದೆ. ಶಬನಮ ಸಣ್ಣದು ಮಾಡಿದಳು. ಅದೂ ತಿಳಿಗೆಂಪು. ಅದೂ ಅವರದರ ಹಾಗೇ ಕಂಡಿತು. ಮೂರನ್ನೂ ಸಾಲಾಗಿ ಇಟ್ಟಳು. ಹತ್ತಿರದಿಂದ ನೋಡಿದೆವು, ದೂರ ಹೋಗಿ ನೋಡಿದೆವು.

"ಎರಡೂ ಒಂದ ಆಗ್ತಾವು ಅವ್ವಾ" ಎಂದಳು ಶಬನಮ. "ಸಣ್ಣದು ಮಾಡಿದ ಮ್ಯಾಲ ಒಂದೊಂದೋ ಎರಡೆರಡೋ, ತಿಳಿಯೂದಿಲ್ಲ. ಯಾವತ್ತೂ ತಿಳಿಯೂದಿಲ್ಲ."

ಎರಡು ತುಂಡನ್ನೂ ಒಯ್ದು ಅಂದಾನೆಪ್ಪನ ಮುಂದೆ ಇಟ್ಟೆ. ಅವರದರ ಮೇಲೆ ಕೈಯಾಡಿಸಿದವನು ಅವನೊಬ್ಬನೇ ಉಳಿದಿದ್ದಾನೆ. ಬೆರಳಿನಿಂದ ಮುಟ್ಟಿದ. ಇದನ್ನು ಮುಟ್ಟಿದ, ಅದನ್ನು ಮುಟ್ಟಿದ. ಕಣ್ಣಲ್ಲಿ ಪೊರೆ ಬಂದಿದೆ ಅವನಿಗೆ.

"ನನಗ ತಿಳೀವಲ್ದು ತಂಗೀ. ಯಾವುದರ ಒಂದು ನೇಯಿ. ಯಾರಿಗೆ ಗೊತ್ತಾಕ್ಕೇತಿ?"

"ನನಗ ಗೊತ್ತಾಕ್ಕೇತಿ."

"ನಿನಗೂ ಗೊತ್ತಾಗೂದಿಲ್ಲ" ಎಂದ. "ಅದ ನಿನ್ನ ಕಷ್ಟ."

ಖರೆ ಮಾತು. ಒಂದು ತುಂಡು ಅವರದು, ಒಂದು ನನ್ನ ತಪ್ಪು. ಯಾವುದು ಯಾವುದೆಂದು ಹೇಳುವವರು ಮಣ್ಣಲ್ಲಿದ್ದಾರೆ, ಎಣಿಕೆಯನ್ನು ಮೈಮೇಲೆ ಹೊದ್ದುಕೊಂಡೇ ಇದ್ದಾರೆ.

ಅದಕ್ಕೇ ಬರೆಯುತ್ತಿದ್ದೇನೆ. ಅಂಚಿನ ಎಣಿಕೆ ಬರೆಯಬಾರದು ಎನ್ನುತ್ತಾರೆ. ಓಣಿಯವರು ಬೈಯಲಿ. ಓದಿದವರು ಯಾರು ಬೇಕಾದರೂ ನೇಯಲಿ. ಕಡೆಯಿಂದ ಒಳಕ್ಕೆ ಕೆಂಪು ಇಪ್ಪತ್ತಾರು, ಬಿಳಿ ನಾಲ್ಕು, ಕಪ್ಪು ಏಳು, ಬಿಳಿ ನಾಲ್ಕು. ನಡುವೆ ಕೆಂಪು ಬಿಳಿ ಕೂಡಿ ಇಪ್ಪತ್ತನಾಲ್ಕು. ಆಮೇಲೆ ಬಿಳಿ ನಾಲ್ಕು, ಕಪ್ಪು ಏಳು, ಬಿಳಿ ನಾಲ್ಕು, ಕೆಂಪು ಇಪ್ಪತ್ತಾರು. ನಡುವಿನ ಇಪ್ಪತ್ತನಾಲ್ಕು ಒಂದೊಂದೋ, ಎರಡೆರಡೋ, ನನಗೆ ಗೊತ್ತಿಲ್ಲ. ಯಾರ ಮನೆಯ ಹಳೆಯ ಕೌದಿಯೊಳಗಾದರೂ ಈ ಅಂಚಿನ ಚಿಂದಿ ಇದ್ದರೆ ಬಿಚ್ಚಿ ನೋಡಿ, ಎಣಿಸಿ, ಗಜೇಂದ್ರಗಡದ ನೇಕಾರರ ಓಣಿಗೆ ಹೇಳಿಕಳಿಸಿ. ವೀರವ್ವ ಎಂದು ಕೇಳಬೇಡಿ. ಗ್ಯಾನಪ್ಪನ ಮನೆ ಎಂದು ಕೇಳಿ.